ಪ್ರಶ್ನೆ ಕೇಳುವ ಸರದಿ ಮಕ್ಕಳದು

2002ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಬಡಾವಣೆಯ ಆರು ಯುವತಿಯರು ತಮ್ಮ ಬದುಕಿನ ಬಗ್ಗೆ ತಾವೇ ಸಂಶೋಧನೆಗೆ ಕುಳಿತರು. ಎಲ್ಲರೂ 16ರಿಂದ 22 ವರ್ಷದವರು, ಬಿಳಿಯರಲ್ಲದ ಕುಟುಂಬಗಳ ಹೆಣ್ಣುಮಕ್ಕಳು. ಅವರನ್ನು ಒಟ್ಟುಗೂಡಿಸಿದವರು ಕೇಟ್ಲಿನ್ ಕೇಹಿಲ್. ಆಗ ಅವರು ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕಿನ ಗ್ರಾಜುಯೇಟ್ ಸೆಂಟರಿನಲ್ಲಿ ಪರಿಸರ ಮನೋವಿಜ್ಞಾನದ ಪಿಎಚ್.ಡಿ. ವಿದ್ಯಾರ್ಥಿನಿ. ನಗರದಲ್ಲಿ ಹೆಣ್ಣುಮಕ್ಕಳ ದಿನನಿತ್ಯದ ಬದುಕು ಹೇಗಿದೆ ಎಂಬುದಷ್ಟೇ ಆರಂಭದ ವಿಷಯ. ಅದರೊಳಗೆ ಯಾವ ಪ್ರಶ್ನೆಯನ್ನು ಬೆನ್ನುಹತ್ತಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರ ಆ ಆರು ಮಂದಿಯದಾಗಿತ್ತು.

ಅವರು ಆರಿಸಿಕೊಂಡದ್ದು ತಮಗೆ ಸಿಟ್ಟು ಬರಿಸುತ್ತಿದ್ದ ಸಂಗತಿಯನ್ನೇ. ಇಂಥ ಹುಡುಗಿಯರು ಓದು ಬಿಡುತ್ತಾರೆ, ಬೇಗ ತಾಯಂದಿರಾಗುತ್ತಾರೆ, ಸಮಾಜಕ್ಕೆ ಹೊರೆಯಾಗುತ್ತಾರೆ ಎಂಬ ಮಾತುಗಳು ಸುತ್ತಲೂ ಹರಿದಾಡುತ್ತಿದ್ದವು. ಬಡಾವಣೆಗೆ ಹೊಸ ಹಣ ಬಂದು ಬಾಡಿಗೆ ಏರುತ್ತಿದ್ದ ಕಾಲವದು. ತಮ್ಮನ್ನು ಕೀಳಾಗಿ ಕಾಣುವುದಕ್ಕೂ ಹಳೆಯ ನಿವಾಸಿಗಳು ಜಾಗ ಖಾಲಿ ಮಾಡಬೇಕಾಗಿ ಬರುವುದಕ್ಕೂ ನಂಟಿದೆಯೆಂದು ಅವರು ಕಂಡುಕೊಂಡರು. ತಮ್ಮ ಬಗೆಗಿನ ಅಪವಾದದ ಮಾತುಗಳನ್ನೇ ಸ್ಟಿಕ್ಕರುಗಳಲ್ಲಿ ಅಚ್ಚುಹಾಕಿಸಿ ಬೀದಿಬೀದಿಗಳಲ್ಲಿ ಅಂಟಿಸಿದರು. ತಂಡಕ್ಕೆ ‘ಫೆಡ್ ಅಪ್ ಹನೀಸ್’ ಎಂದು ಹೆಸರಿಟ್ಟುಕೊಂಡು ತಮ್ಮದೇ ವರದಿ ಬರೆದರು.

ಇದಕ್ಕಿಂತ ದೊಡ್ಡ ಸಂಗತಿ ತಂಡದೊಳಗೆ ನಡೆಯಿತು. ಹೊರಗಿನವರ ಅಪವಾದವನ್ನು ತಾವೂ ಒಳಗೊಳಗೆ ನಂಬಿದ್ದೇವೆ, ‘ನಾನು ಆ ಹುಡುಗಿಯರಂಥವಳಲ್ಲ’ ಎಂದು ಪಕ್ಕದ ಬೀದಿಯವಳನ್ನು ದೂರ ತಳ್ಳುತ್ತಿದ್ದೇವೆ ಎಂಬುದು ಅವರಿಗೆ ಹೊಳೆಯಿತು. ಹದಿಹರೆಯದ ಮನಸ್ಸನ್ನು ಕೊರೆಯುವ ಕೀಳರಿಮೆಯ ಬೇರು ಎಲ್ಲಿದೆ ಎಂದು ತಾನೇ ಅಗೆದು ನೋಡಿದವಳಿಗೆ ಆ ಭಾರ ತನ್ನೊಬ್ಬಳ ತಪ್ಪಲ್ಲವೆಂದು ಗೊತ್ತಾಗುತ್ತದೆ. ಈ ಬಗೆಯ ಸಂಶೋಧನೆ ಮಕ್ಕಳಿಗೆ ಆಸರೆಯಾಗುವುದು ಇಲ್ಲಿಯೇ.

ಸಂಶೋಧನೆಗೆ ಒಳಗಾಗುವವರೇ ಸಂಶೋಧಕರಾಗುವ ಈ ಪದ್ಧತಿಗೆ ನ್ಯೂಯಾರ್ಕಿನಲ್ಲಿ ದೀರ್ಘ ಇತಿಹಾಸವಿದೆ. ಹಿಟ್ಲರನ ಜರ್ಮನಿಯನ್ನು 1933ರಲ್ಲಿ ತೊರೆದು ಬಂದ ಮನೋವಿಜ್ಞಾನಿ ಕರ್ಟ್ ಲೆವಿನ್, ಸಮಾಜವನ್ನು ಬದಲಿಸಲು ಹೊರಟಾಗಲೇ ಅದು ನಿಜವಾಗಿ ಅರ್ಥವಾಗುತ್ತದೆ ಎಂದು ನಂಬಿದ್ದವರು. 1940ರ ದಶಕದಲ್ಲಿ ಅವರು ನ್ಯೂಯಾರ್ಕಿನಲ್ಲಿ ಕಟ್ಟಿದ ತಂಡ, ಊರಿನವರೇ ತಮ್ಮ ಊರಿನ ತಾರತಮ್ಯವನ್ನು ಸಮೀಕ್ಷೆ ಮಾಡುವ ಕ್ರಮವನ್ನು ಬೆಳೆಸಿತು. ಅದೇ ನಗರದ ಹಾರ್ಲೆಮ್‌ನಲ್ಲಿ ಕಪ್ಪುವರ್ಣೀಯ ಮನೋವಿಜ್ಞಾನಿ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ 1946ರಲ್ಲಿ ಮಕ್ಕಳ ಮನಸ್ಸಿನ ಆರೈಕೆಗೆ ನಾರ್ತ್‌ಸೈಡ್ ಕೇಂದ್ರ ತೆರೆದರು. ಬಿಳಿ ಮತ್ತು ಕಂದು ಗೊಂಬೆಗಳನ್ನು ಮುಂದಿಟ್ಟು ಅವರು ನಡೆಸಿದ ಅಧ್ಯಯನ, ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದ ಅಮೆರಿಕದ ಸುಪ್ರೀಂ ಕೋರ್ಟಿನ 1954ರ ಬ್ರೌನ್ ತೀರ್ಪಿಗೆ ಒದಗಿಬಂದ ಸಾಕ್ಷ್ಯಗಳಲ್ಲಿ ಒಂದಾಗಿತ್ತು.

ಮಕ್ಕಳ ಪಾಲ್ಗೊಳ್ಳುವಿಕೆ ಎಂದರೇನು ಎಂಬುದಕ್ಕೆ ಸ್ಪಷ್ಟ ರೂಪ ಕೊಟ್ಟವರು ಅದೇ ಗ್ರಾಜುಯೇಟ್ ಸೆಂಟರಿನ ರೋಜರ್ ಹಾರ್ಟ್. 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಅವರು ಎಂಟು ಮೆಟ್ಟಿಲಿನ ಏಣಿಯನ್ನು ಮುಂದಿಟ್ಟರು. ದೊಡ್ಡವರ ಉದ್ದೇಶಕ್ಕೆ ಮಕ್ಕಳನ್ನು ಬಳಸಿಕೊಳ್ಳುವುದು, ವೇದಿಕೆಯ ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು ಕೆಳಗಿನ ಮೂರು ಮೆಟ್ಟಿಲು. ಇವು ಪಾಲ್ಗೊಳ್ಳುವಿಕೆಯೇ ಅಲ್ಲ ಎಂದರು ಹಾರ್ಟ್. ಮಕ್ಕಳೇ ಆರಂಭಿಸಿ ದೊಡ್ಡವರೊಂದಿಗೆ ಕೂಡಿ ತೀರ್ಮಾನಿಸುವುದು ತುತ್ತತುದಿಯ ಮೆಟ್ಟಿಲು.

ಆ ಎತ್ತರಕ್ಕೆ ಏರುವ ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ನಡೆದದ್ದು 2001ರ ನಂತರ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿಯ ಉಪನಗರಗಳ ಶಾಲಾ ಆಡಳಿತಾಧಿಕಾರಿಗಳನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಎಲ್ಲ ಬಣ್ಣದ ಮಕ್ಕಳೂ ಒಟ್ಟಿಗೆ ಓದುವ, ಹಣಕ್ಕೂ ಕೊರತೆಯಿಲ್ಲದ ಶಾಲೆಗಳಲ್ಲಿ ಕಪ್ಪು ಮತ್ತು ಲ್ಯಾಟಿನೊ ವಿದ್ಯಾರ್ಥಿಗಳು ಹಿಂದುಳಿಯುವುದೇಕೆ? ಗ್ರಾಜುಯೇಟ್ ಸೆಂಟರಿನ ಪ್ರಾಧ್ಯಾಪಕಿ ಮಿಶೆಲ್ ಫೈನ್, ಆಗ ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಮರಿಯಾ ಎಲೆನಾ ಟೊರ್ರೆ ಮತ್ತು ಸಂಗಡಿಗರು ಇದಕ್ಕೆ ಉತ್ತರ ಹುಡುಕಲು ಹೈಸ್ಕೂಲು ಮಕ್ಕಳನ್ನೇ ಸಂಶೋಧನಾ ಶಿಬಿರಕ್ಕೆ ಕರೆದರು. ಸಿರಿವಂತ ಉಪನಗರದವರೂ ನಗರದ ಬಡ ಶಾಲೆಗಳವರೂ ಒಂದೇ ಮೇಜಿಗೆ ಬಂದರು. ಸಂದರ್ಶನ, ಗುಂಪು ಚರ್ಚೆ, ಸಮೀಕ್ಷೆ ಹೇಗೆಂದು ಕಲಿತು, ದೊಡ್ಡವರು ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ತಿದ್ದಿ ಹೊಸದಾಗಿ ಬರೆದರು.

ಸಾವಿರಾರು ವಿದ್ಯಾರ್ಥಿಗಳಿಂದ ಬಂದ ಉತ್ತರಗಳು ಮೂಲ ಪ್ರಶ್ನೆಯನ್ನೇ ತಿರುಗಿಸಿದವು. ಒಂದೇ ಕಟ್ಟಡದೊಳಗೆ ಮೇಲ್ಮಟ್ಟದ ತರಗತಿಗಳಲ್ಲಿ ಬಿಳಿಯ ಮತ್ತು ಏಷ್ಯನ್ ಮಕ್ಕಳೇ ಹೆಚ್ಚಾಗಿದ್ದರು. ಕೊರತೆಯಿದ್ದದ್ದು ವಿದ್ಯಾರ್ಥಿಗಳ ಯೋಗ್ಯತೆಯಲ್ಲಲ್ಲ, ಅವರಿಗೆ ದೊರೆಯುವ ಅವಕಾಶದಲ್ಲಿ ಎಂದು ಮಕ್ಕಳು ಶಿಕ್ಷಕರ ಮುಂದೆ ನಿಂತು ಹೇಳಿದರು. ಕೆಲವೆಡೆ ಅವರ ಮಾತು ನಾಟಿತು, ಕೆಲವೆಡೆ ಪ್ರತಿರೋಧ ಎದುರಾಯಿತು. ಬ್ರೌನ್ ತೀರ್ಪಿಗೆ 50 ವರ್ಷ ತುಂಬಿದ 2004ರಲ್ಲಿ, ಇದೇ ಸಾಮಗ್ರಿಯಿಂದ ಯುವಜನರು ಕವಿತೆ ಮತ್ತು ನೃತ್ಯದ ‘ಎಕೋಸ್ ಆಫ್ ಬ್ರೌನ್’ ರಂಗಪ್ರಯೋಗವನ್ನು ಕಟ್ಟಿದರು.

2008ರಲ್ಲಿ ಶುರುವಾದ ‘ಪೋಲಿಂಗ್ ಫಾರ್ ಜಸ್ಟಿಸ್’ ಯೋಜನೆ ಶಾಲೆಯ ಗೋಡೆಯನ್ನೂ ದಾಟಿತು. ನ್ಯೂಯಾರ್ಕ್ ನಗರದ ಸಾವಿರಕ್ಕೂ ಹೆಚ್ಚು ಯುವಜನರನ್ನು ಶಿಕ್ಷಣ, ಆರೋಗ್ಯ, ಪೊಲೀಸರು ಎಂಬ ಮೂರೂ ವಿಷಯಗಳ ಬಗ್ಗೆ ಯುವ ಸಂಶೋಧಕರೇ ಪ್ರಶ್ನಿಸಿದರು. ನಗರದ ಪೊಲೀಸರು ಬೀದಿಯಲ್ಲಿ ಜನರನ್ನು ತಡೆದು ತಪಾಸಣೆ ಮಾಡುವುದು ವಿಪರೀತವಾಗಿದ್ದ ವರ್ಷಗಳವು. 2011 ಒಂದರಲ್ಲೇ 6,85,724 ಬಾರಿ ಹಾಗೆ ತಡೆಯಲಾಯಿತು. ಅಂಕಿಅಂಶವೆಂದರೆ ಹೆದರುವ ಹುಡುಗರಿಗಾಗಿ ತಂಡದ ಬ್ರೆಟ್ ಸ್ಟೌಟ್ ದತ್ತಾಂಶವನ್ನು ಗೋಡೆಯ ಮೇಲೆ ಮೂಡಿಸಿ, ಅವರು ಕೇಳಿದ ಲೆಕ್ಕವನ್ನು ಅಲ್ಲೇ ಮಾಡಿ ತೋರಿಸುತ್ತಿದ್ದರು. ಶಾಲೆಯಿಂದ ಹೊರದೂಡಲ್ಪಟ್ಟವರು, ಪೊಲೀಸರ ಕಿರುಕುಳ ಕಂಡವರು, ವೈದ್ಯಕೀಯ ಸೌಲಭ್ಯ ಸಿಗದವರು ಅನೇಕ ಸಲ ಒಬ್ಬರೇ ಆಗಿದ್ದರು. ಖಿನ್ನತೆಯ ಲಕ್ಷಣಗಳೂ ಅಂಥವರಲ್ಲೇ ಹೆಚ್ಚಾಗಿ ಕಂಡವು. ಆ ಅಂಕಿಗಳನ್ನು ದೇಹಭಾಷೆಗೆ ಇಳಿಸಿ ರಂಗದ ಮೇಲೆ ತಂದ ಅನುಭವವೇ ಅದೇ ತಂಡದ ಮ್ಯಾಡಲಿನ್ ಫಾಕ್ಸ್ ಅವರ ಪಿಎಚ್.ಡಿ. ಮಹಾಪ್ರಬಂಧಕ್ಕೆ ಆಧಾರವಾಯಿತು.

ಈ ದಾರಿ ಸುಲಭದ್ದಲ್ಲ. ಪದವಿ ಒಬ್ಬರಿಗೆ, ದುಡಿಮೆ ಹಲವರದು. ಏನು ಕೇಳುತ್ತೀರಿ ಎಂಬುದನ್ನು ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಮೊದಲೇ ಒಪ್ಪಿಸಬೇಕು. ಆದರೆ ಇಲ್ಲಿ ಪ್ರಶ್ನೆ ಹುಟ್ಟುವುದೇ ಮಕ್ಕಳು ಸೇರಿದ ಮೇಲೆ. ಅಪ್ರಾಪ್ತರಾದರೆ ಸಾಮಾನ್ಯವಾಗಿ ಹೆತ್ತವರ ಒಪ್ಪಿಗೆಯೂ ಬೇಕು. ಗೆಳೆಯರ ನಡುವೆ ಬಿಚ್ಚಿಟ್ಟ ನೋವು ಹೊರಗೆ ಹೋಗದಂತೆ ಕಾಯಬೇಕು. ಪದವಿ ಒಬ್ಬರಿಗಷ್ಟೇ ಸಿಗುವುದರಿಂದಲೇ ಫೆಡ್ ಅಪ್ ಹನೀಸ್ ತಮ್ಮ ವರದಿಯನ್ನು ತಾವೇ ಬರೆದದ್ದು ಮುಖ್ಯ. ಕೇಹಿಲ್ ಅವರ ಪಿಎಚ್.ಡಿ. ಮುಗಿದ ಮೇಲೂ ತಮ್ಮದೆನ್ನುವಂಥದ್ದು ಆ ಯುವತಿಯರ ಕೈಯಲ್ಲಿ ಉಳಿಯಿತು.

ಇದು ನಮಗೆ ಪರಕೀಯವೇನಲ್ಲ. ಕುಂದಾಪುರ ತಾಲ್ಲೂಕಿನಲ್ಲಿ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯಿತಿಗಳ ಮಕ್ಕಳು ತಮ್ಮೂರಿನ ಅಪಾಯದ ಕಾಲುಸಂಕಗಳ ಮಾಹಿತಿಯನ್ನು ತಾವೇ ಕಲೆಹಾಕಿ ಹಿರಿಯರ ಮುಂದಿಟ್ಟಿದ್ದಾರೆ. ಮಕ್ಕಳ ಗ್ರಾಮಸಭೆ ಇಂದು ಕರ್ನಾಟಕದ ಪಂಚಾಯಿತಿ ವ್ಯವಸ್ಥೆಯ ಭಾಗ. ಆದರೆ ಹದಿಹರೆಯದ ಮನಸ್ಸಿನ ವಿಷಯ ಬಂದಾಗ ನಾವಿನ್ನೂ ದೊಡ್ಡವರು ಬರೆದ ಪ್ರಶ್ನಾವಳಿ ಹಿಡಿದು ತರಗತಿಗೆ ಹೋಗುತ್ತೇವೆ. ಪರೀಕ್ಷೆಯ ಭಯ, ಹಾಸ್ಟೆಲಿನ ಒಂಟಿತನ, ಜಾತಿಯ ಅವಮಾನಗಳ ಬಗ್ಗೆ ಪಿಎಚ್.ಡಿ.ಗೆ ನೋಂದಾಯಿಸುವ ನಮ್ಮ ಸಂಶೋಧಕರು ಮೊದಲ ಪ್ರಶ್ನೆಯನ್ನು ಬರೆಯುವ ಮುನ್ನವೇ ಆ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಲಿ. ಮಾರ್ಗದರ್ಶಕರು ಅದಕ್ಕೆ ಸಮಯ ಕೊಡಲಿ, ವಿಶ್ವವಿದ್ಯಾಲಯಗಳು ನಿಯಮದಲ್ಲಿ ಜಾಗ ಮಾಡಲಿ. ತಮ್ಮ ಸಂಕಟಕ್ಕೆ ಕಾರಣ ಹುಡುಕುವ ಹಕ್ಕು ಎಲ್ಲರಿಗಿಂತ ಮೊದಲು ಅದನ್ನು ಅನುಭವಿಸುವ ಮಕ್ಕಳದು.