ವ್ಯೋಮಯಾನದ ಆಟ: ಹೊಸಬರ ಕಣ್ಣಿಗೆ ಕಂಡ ಗುಣದೋಷಗಳು

ಕಳೆದ ಮಾಘಮಾಸದಲ್ಲಿ ಒಂದು ದಿನ ಇಲವಾಲದಿಂದ ನಮ್ಮ ತಂಗಿಯ ಮಗಳು ದೂರವಾಣಿಯಲ್ಲಿ ಮಾತನಾಡಿ, "ಮಾವ, ಒಮ್ಮೆ ನಮ್ಮ ಮನೆಗೆ ಬಂದು ಹೋಗಿ. ಹುಡುಗ ಕಂಪ್ಯೂಟರಿನ ಮುಂದಿನಿಂದ ಏಳುವುದೇ ಇಲ್ಲ. ಅವರಪ್ಪ ಅದನ್ನು ಮಾರಿಬಿಡುತ್ತೇನೆ ಎನ್ನುತ್ತಿದ್ದಾರೆ. ನಿಮ್ಮ ಮಾತಾದರೆ ಇಬ್ಬರೂ ಕೇಳುತ್ತಾರೆ" ಎಂದಳು. ಹುಡುಗ ಪದವಿಪೂರ್ವ ಮೊದಲ ವರ್ಷದ ವಿಜ್ಞಾನ ವಿದ್ಯಾರ್ಥಿ. ಪರೀಕ್ಷೆಗೆ ಹೆಚ್ಚು ದಿನಗಳಿರಲಿಲ್ಲ. ಗುಂಡು ಹಾರಿಸುವ, ತಲೆ ಒಡೆಯುವ ಯಾವುದೋ ಆಟವಿರಬೇಕೆಂದು ಭಾವಿಸಿ, ಆಡಬೇಕಾದ ಬುದ್ಧಿಮಾತುಗಳನ್ನು ಹುಣಸೂರಿನ ಬಸ್ಸಿನಲ್ಲಿಯೇ ಹೊಂದಿಸಿಕೊಂಡು ಹೊರಟೆವು. 1957ರಲ್ಲಿ ವಿನೋಬಾ ಭಾವೆಯವರೂ ಪಂಡಿತ ನೆಹರೂ ಅವರೂ ಕೂಡಿ ಗ್ರಾಮದಾನದ ಪರಿಷತ್ತು ನಡೆಸಿದ ಊರು ಇಲವಾಲ. ಭೂಮಿಯನ್ನು ಹಂಚಿಕೊಳ್ಳುವ ಮಾತು ನಡೆದ ಊರಿನಲ್ಲಿ ಭೂಮಿಯನ್ನೇ ಬಿಟ್ಟು ಹೋಗುವ ಆಟವೊಂದು ನಮಗಾಗಿ ಕಾದಿದೆಯೆಂದು ಆಗ ತಿಳಿದಿರಲಿಲ್ಲ.

ಹುಡುಗನ ಪರದೆಯ ಮೇಲೆ ಬಂದೂಕವಿರಲಿಲ್ಲ. ಒಂದು ನೀಲಿ ಗೋಳವೂ ಅದನ್ನು ಸುತ್ತಿದ ದೀರ್ಘವೃತ್ತವೂ ಇದ್ದವು. ಇದೇನಪ್ಪಾ ಎಂದು ಕೇಳಲಾಗಿ, "ತಾತ, ಇದು ನನ್ನ ಉಪಗ್ರಹ ಹೋಗುವ ದಾರಿ. ಈ ತುದಿಯಲ್ಲಿ ನಿಧಾನವಾಗಿ ಹೋಗುತ್ತದೆ, ಈ ತುದಿಯಲ್ಲಿ ಬೇಗ ಓಡುತ್ತದೆ" ಎಂದನು. ಐವತ್ತು ವರ್ಷಗಳ ಹಿಂದೆ ಮಠದ ಪಾಠಶಾಲೆಯಲ್ಲಿ ಪಂಚಾಂಗ ಗಣಿತವನ್ನು ಕಲಿಯುವಾಗ ಚಂದ್ರನ ಗತಿಗೆ ಮಂದೋಚ್ಚವೆಂಬ ಬಿಂದುವೊಂದಿದೆ, ಅಲ್ಲಿ ಅವನು ದೂರನೂ ಮಂದನೂ ಆಗಿರುತ್ತಾನೆ ಎಂದು ಗುರುಗಳು ಹೇಳಿಕೊಟ್ಟಿದ್ದರು. ನಾವು ಅದನ್ನು ಲೆಕ್ಕಿಸಿದ್ದೆವು, ಬಾಯಿಪಾಠ ಮಾಡಿದ್ದೆವು, ಕಣ್ಣಾರೆ ಕಂಡಿರಲಿಲ್ಲ. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತುಗಳು ಅಲ್ಲಿಯೇ ಉಳಿದವು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತೆವು. ಪರೀಕ್ಷೆ ಮುಗಿದ ಮೇಲೆ ಅನೇಕ ಭಾನುವಾರಗಳು ಹಾಗೆಯೇ ಕಳೆದವು. ಈ ಬರಹವು ಹಾಗೆ ಹೊಸದಾಗಿ ಕಲಿತವರ ಬರಹವೇ ಹೊರತು ಪ್ರವೀಣರದಲ್ಲ.

ಆಟದ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ಎಂಬ ತರುಣ ಇದನ್ನು ಆರಂಭಿಸಿದನು. 2011ರಲ್ಲಿ ಮೊದಲ ರೂಪವೂ 2015ರ ಏಪ್ರಿಲಿನಲ್ಲಿ ಪೂರ್ಣ ರೂಪವೂ ಹೊರಬಂದವು. ಈ ಫಲಾಂಗೆ ಹುಡುಗನಾಗಿದ್ದಾಗ ತವರದ ಹಾಳೆಯಿಂದ ಪುಟ್ಟ ಗೊಂಬೆಗಳನ್ನು ಮಾಡಿ ಪಟಾಕಿಗೆ ಕಟ್ಟಿ ಹಾರಿಸುತ್ತಿದ್ದನಂತೆ. ಆ ಗೊಂಬೆಗಳಿಗೆ ಇಟ್ಟ ಹೆಸರೇ ಕರ್ಬಲ್. ಬಾಣದ ಹುಚ್ಚು ನಮ್ಮ ಸೀಮೆಗೂ ಹೊಸದಲ್ಲ. ಹೈದರ್ ಮತ್ತು ಟೀಪು ಕಾಲದ ಕಬ್ಬಿಣದ ಕೊಳವೆಯ ಅಗ್ನಿಬಾಣಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತುದನ್ನು ಓದುಗರು ಪತ್ರಿಕೆಗಳಲ್ಲಿ ಕಂಡಿರಬಹುದು.

ಆಟದಲ್ಲಿ ಕರ್ಬಿನ್ ಎಂಬುದು ಭೂಮಿ, ಮುನ್ ಎಂಬುದು ಚಂದ್ರ. ಹಸಿರು ಮೈಯ ಪುಟ್ಟ ಯಾತ್ರಿಕರಿದ್ದಾರೆ. ಎಂಜಿನ್, ಇಂಧನದ ತೊಟ್ಟಿ, ಪ್ಯಾರಾಚೂಟ್ ಇವನ್ನು ಜೋಡಿಸಿ ನೌಕೆಯನ್ನು ಕಟ್ಟಿ ಹಾರಿಸಬೇಕು. ನಾವು ಕಟ್ಟಿದ ಮೊದಲ ನೌಕೆ ಕಂಬದಂತೆ ನೆಟ್ಟಗೆ ಮೇಲೇರಿತು, ಇಂಧನ ತೀರಿತು, ಹೋದ ದಾರಿಯಲ್ಲಿಯೇ ಮರಳಿ ಬಿತ್ತು. ಹುಡುಗ ನಕ್ಕು, "ತಾತ, ಮೇಲೆ ಹೋದರೆ ಸಾಲದು, ಅಡ್ಡಕ್ಕೆ ಓಡಬೇಕು" ಎಂದನು. ಉಪಗ್ರಹವು ಬೀಳದೆ ನಿಂತಿರುವುದಲ್ಲ, ಬೀಳುತ್ತಲೇ ಇದೆ. ಅಡ್ಡಕ್ಕೆ ಓಡುವ ವೇಗದಿಂದಾಗಿ ನೆಲವು ಅದಕ್ಕೆ ಸಿಕ್ಕುವುದಿಲ್ಲ, ಅಷ್ಟೆ. ಇದನ್ನು ಪುಸ್ತಕದಲ್ಲಿ ಓದಿದವರು ಲಕ್ಷ ಮಂದಿ. ನಾಲ್ಕು ನೌಕೆಗಳನ್ನು ಕೆಡಹಿದ ಮೇಲೆ ಅದು ನಮ್ಮ ಬೆರಳಿಗೇ ತಿಳಿಯಿತು.

ಇದಕ್ಕಿಂತಲೂ ಸೋಜಿಗದ ಪಾಠ ಮತ್ತೊಂದುಂಟು. ಒಂದೇ ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಂದಿನವನು ಹಿಡಿಯಬೇಕಾದರೆ ಏನು ಮಾಡಬೇಕು? ವೇಗ ಹೆಚ್ಚಿಸಬೇಕೆಂದು ನಾವು ಹೆಚ್ಚಿಸಿದೆವು. ನಮ್ಮ ಕಕ್ಷೆ ಹಿಗ್ಗಿ, ಸುತ್ತು ದೊಡ್ಡದಾಗಿ, ಇನ್ನೂ ಹಿಂದೆ ಬಿದ್ದೆವು. ವೇಗವನ್ನು ತಗ್ಗಿಸಿದಾಗ ಕಕ್ಷೆ ತಗ್ಗಿತು, ಸುತ್ತು ಚಿಕ್ಕದಾಯಿತು, ಮುಂದಿನವನು ಸಿಕ್ಕಿದನು. ಈ ಒಂದು ಪಾಠಕ್ಕಾಗಿಯೇ ಆಟವನ್ನು ಮನೆಯಲ್ಲಿ ಇರಿಸಿಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ. ಮಂಗಳಯಾನವು 2013ರ ನವೆಂಬರ್ 5ರಂದು ಹೊರಟು, ಭೂಮಿಯನ್ನೇ ಮತ್ತೆ ಮತ್ತೆ ಸುತ್ತಿ, ಪ್ರತಿ ಸಲ ಭೂಮಿಗೆ ಸಮೀಪ ಬಂದಾಗ ಎಂಜಿನ್ ಉರಿಸಿ, ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸಿಕೊಂಡು ಡಿಸೆಂಬರ್ ಆರಂಭದಲ್ಲಿ ಭೂಮಿಯನ್ನು ಬಿಟ್ಟುದೇಕೆ ಎಂಬ ಪ್ರಶ್ನೆ ಅಂದಿನಿಂದ ನಮ್ಮಲ್ಲಿ ಉಳಿದಿತ್ತು. ಸಮೀಪದಲ್ಲಿ, ಅತಿ ವೇಗದಲ್ಲಿರುವಾಗ, ಉರಿಸಿದ ಇಂಧನಕ್ಕೆ ಫಲ ಹೆಚ್ಚು. ಅದನ್ನೂ ಈ ಹುಡುಗನೇ ತೋರಿಸಿಕೊಟ್ಟನು.

ಇನ್ನು ದೋಷಗಳು. ಕನ್ನಡದಲ್ಲಿ ಈ ಆಟವಿಲ್ಲ. ಸ್ಪ್ಯಾನಿಷ್, ಜಪಾನಿ, ಚೀನಿ ಭಾಷೆಗಳಲ್ಲಿದೆ. ಅಕ್ಷರಗಳು ನಮ್ಮಂಥವರ ಕಣ್ಣಿಗೆ ಇರುವೆಗಳ ಸಾಲು. ಹೊಸಬನಿಗೆ ಕೈಹಿಡಿದು ಹೇಳಿಕೊಡುವುದು ಕಡಮೆ. ಮನೆಯಲ್ಲಿ ಬಲ್ಲವರಿಲ್ಲದಿದ್ದರೆ ಮೊದಲ ವಾರದಲ್ಲಿಯೇ ಬೇಸರ ಬಂದೀತು. ಇದರ ಎರಡನೆಯ ಭಾಗವು 2023ರ ಫೆಬ್ರವರಿಯಲ್ಲಿ ಅಪೂರ್ಣ ರೂಪದಲ್ಲಿಯೇ ಮಾರಾಟಕ್ಕೆ ಬಂದು, 2024ರಲ್ಲಿ ಅದರ ಕೆಲಸ ನಿಂತುಹೋಯಿತು. ಕೊಳ್ಳುವವರು ಮೊದಲನೆಯದನ್ನೇ ಕೊಳ್ಳುವುದು ಲೇಸು.

ವಿಜ್ಞಾನದಲ್ಲಿಯೂ ರಿಯಾಯಿತಿಗಳಿವೆ. ಕರ್ಬಿನ್ನಿನ ತ್ರಿಜ್ಯ 600 ಕಿಲೋಮೀಟರ್ ಮಾತ್ರ; ನಮ್ಮ ಭೂಮಿಯದು 6,371. ಆದುದರಿಂದ ಅಲ್ಲಿ ಕಕ್ಷೆಗೇರುವುದು ಸುಲಭ. ನೌಕೆಯನ್ನು ಒಂದು ಸಲಕ್ಕೆ ಒಂದು ಗ್ರಹವೋ ಚಂದ್ರನೋ ಮಾತ್ರ ಸೆಳೆಯುತ್ತದೆ. ಎರಡರ ಸೆಳೆತವನ್ನು ಕೂಡಿಸಿ ಲೆಕ್ಕಿಸುವುದಿಲ್ಲ. ಹೀಗಾಗಿ 2023ರ ಸೆಪ್ಟೆಂಬರಿನಲ್ಲಿ ಹೊರಟು ಸೂರ್ಯ-ಭೂಮಿಗಳ ಸೆಳೆತ ಹೊಂದಿಕೊಳ್ಳುವ ಎಡೆಯಲ್ಲಿ ನೆಲೆನಿಂತ ಆದಿತ್ಯ-ಎಲ್1ಕ್ಕೆ ಈ ಆಟದ ಆಕಾಶದಲ್ಲಿ ಜಾಗವೇ ಇಲ್ಲ. ಬ್ಯಾಲಾಳಿನ ಬೃಹತ್ ಕಿವಿಗೆ ಮಂಗಳನ ಬಳಿಯಿಂದ ಸುದ್ದಿ ತಲುಪಲು ಹನ್ನೆರಡು ನಿಮಿಷಗಳು ಬೇಕಾಗಿದ್ದವು. ಆಟದಲ್ಲಿ ಗುಂಡಿ ಒತ್ತಿದ ಕ್ಷಣವೇ ದೂರದ ಎಂಜಿನ್ ಉರಿಯುತ್ತದೆ.

ಇವೆಲ್ಲ ಸಣ್ಣ ದೋಷಗಳು. ನಮ್ಮನ್ನು ಕಾಡಿದ್ದು ಬೇರೆ. ನೌಕೆ ಸಿಡಿದರೆ ಹುಡುಗ ಒಂದು ಗುಂಡಿಯನ್ನೊತ್ತಿ ಎಲ್ಲವನ್ನೂ ಹಾರಾಟದ ಮೊದಲಿಗೆ ತರುತ್ತಿದ್ದನು. ಸತ್ತ ಯಾತ್ರಿಕನು ನಗುತ್ತಾ ಮತ್ತೆ ಕುಳಿತಿರುತ್ತಿದ್ದನು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮನೆಗೆ ಮರಳುವ ಹೊತ್ತಿನಲ್ಲಿ ಆಕಾಶದಲ್ಲಿಯೇ ಅಳಿದುದು ತಾಯಂದಿರಿಗೆ ನೆನಪಿರಬಹುದು. ಈ ಹುಡುಗ ಆಗ ಹುಟ್ಟಿರಲಿಲ್ಲ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ವಿಕ್ರಮ್ ಮೌನವಾದಾಗ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಅವರು ಅತ್ತುದನ್ನು ದೇಶವೇ ನೋಡಿತು. ಅವರ ಬಳಿ ಅಂಥ ಗುಂಡಿ ಇರಲಿಲ್ಲ. ಕಾಲುಗಳನ್ನು ಬಲಪಡಿಸಿ, ಇಂಧನ ಹೆಚ್ಚಿಸಿ, ಇಳಿಯುವ ಜಾಗವನ್ನು ಹಿಗ್ಗಿಸಿ, 2023ರ ಆಗಸ್ಟ್ 23ರ ಸಂಜೆ ಮತ್ತೆ ಇಳಿಸಲು ನಾಲ್ಕು ವರ್ಷಗಳು ಬೇಕಾದವು. ಸೋಲಿಗೆ ಹೆದರದಿರುವುದನ್ನು ಆಟವು ಕಲಿಸುತ್ತದೆ, ನಿಜ. ಸೋಲಿನ ಭಾರವನ್ನು ಮಾತ್ರ ಹೊರಿಸುವುದಿಲ್ಲ.

ಹುಡುಗನ ತಂದೆ ಹೆದ್ದಾರಿಯ ಬದಿಯಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ ನಡೆಸುವ, ಲೆಕ್ಕದಲ್ಲಿ ಖಡಾಖಂಡಿತವಾದ ಮನುಷ್ಯ. ಫಲಿತಾಂಶ ಬಂದ ದಿನ, "ಮಾವನವರೇ, ನೀವು ಆಟವನ್ನು ಹೊಗಳುತ್ತೀರಿ. ಇವನ ಭೌತಶಾಸ್ತ್ರದ ಅಂಕ ನೋಡಿ" ಎಂದು ಹಾಳೆಯನ್ನು ಮುಂದಿಟ್ಟರು. ಅಂಕಗಳು ಸಾಧಾರಣವಾಗಿದ್ದವು. ನಾವು ನಿರುತ್ತರರಾದೆವು. ಚಂದ್ರನವರೆಗೆ ಹೋಗಿಬರುವವನಿಗೆ ಗುರುತ್ವದ ಲೆಕ್ಕ ಬರೆಯಲಾಗಿಲ್ಲವೇಕೆ? ಆ ರಾತ್ರಿ ಇಲವಾಲದಲ್ಲಿಯೇ ಉಳಿದು ಯೋಚಿಸಿದಾಗ ಹೊಳೆಯಿತು: ಲೆಕ್ಕವನ್ನು ಯಂತ್ರ ಮಾಡುತ್ತದೆ, ಹುಡುಗ ಗೆರೆಯನ್ನು ಎಳೆದಾಡುತ್ತಾನೆ. ಕಣ್ಣಿಗೆ ತಿಳಿದಿದೆ, ಕೈಗೆ ತಿಳಿದಿಲ್ಲ. ನಮ್ಮ ವಿದ್ಯೆ ಇದರ ತಿರುಗುಮುರುಗು.

ಬೆಳಗ್ಗೆ ಕಾಗದ, ಪೆನ್ಸಿಲ್ ತರಿಸಿದೆವು. ಕರ್ಬಿನ್ನಿನ ಮೇಲ್ಮೈಯಲ್ಲಿ ಗುರುತ್ವ ನಮ್ಮ ಭೂಮಿಯಷ್ಟೇ, 9.81. ನೆಲದಿಂದ 80 ಕಿಲೋಮೀಟರ್ ಎತ್ತರ, ಅಂದರೆ ಕೇಂದ್ರದಿಂದ 680. ಹಾಗಾದರೆ ವೃತ್ತಾಕಾರದ ಕಕ್ಷೆಯಲ್ಲಿ ವೇಗವೆಷ್ಟು? 9.81ನ್ನು ತ್ರಿಜ್ಯದ ವರ್ಗದಿಂದ ಗುಣಿಸಿ, ಕೇಂದ್ರದಿಂದಿರುವ ದೂರದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಹುಡುಗ ಎರಡು ಸಲ ತಪ್ಪಿದನು. ಮೂರನೆಯ ಸಲ ಸೆಕೆಂಡಿಗೆ 2,279 ಮೀಟರ್ ಎಂದು ಬಂದಿತು. ಆಮೇಲೆ ನೌಕೆಯನ್ನು ಹಾರಿಸಿ 80 ಕಿಲೋಮೀಟರಿನಲ್ಲಿ ನಿಲ್ಲಿಸಿದನು. ಪರದೆಯ ಮೇಲೆ 2,279! ಹುಡುಗ ಕಾಗದವನ್ನೂ ಪರದೆಯನ್ನೂ ಬಹಳ ಹೊತ್ತು ನೋಡಿ, ಓಡಿಹೋಗಿ ತಾಯಿಯನ್ನು ಕರೆತಂದನು. ಅವಳ ಕೈಯಲ್ಲಿ ಸೌಟು ಇತ್ತು.

ಅಂದಿನಿಂದ ಮನೆಯಲ್ಲಿ ಎರಡು ಕಟ್ಟಳೆಗಳಾದವು. ಕಾಗದದ ಮೇಲೆ ಲೆಕ್ಕ ಬರೆಯದೆ ಹಾರಾಟವಿಲ್ಲ. ಹಿಂದಕ್ಕೆ ತರುವ ಗುಂಡಿಯನ್ನು ಆಟದ ಏರ್ಪಾಡಿನಲ್ಲಿಯೇ ಮುಚ್ಚತಕ್ಕದ್ದು. ಆಟವು ತಾನಾಗಿ ನಿಲ್ಲಿಸೆನ್ನುವುದಿಲ್ಲವಾದ ಕಾರಣ ಭಾನುವಾರಕ್ಕೆ ಎರಡು ಗಂಟೆಯೆಂಬ ಮೂರನೆಯದನ್ನು ತಂದೆ ಸೇರಿಸಿದರು. ಕಂಪ್ಯೂಟರನ್ನು ಮಾರುವ ಮಾತು ದಸರೆಯವರೆಗೆ ಮುಂದಕ್ಕೆ ಹೋಯಿತು.

ಕಟ್ಟಳೆಯ ಬಿಸಿ ಮೊದಲು ತಟ್ಟಿದ್ದು ನಮಗೇ. ವ್ಯಾಲೆಂಟಿನಾ ಎಂಬ ಯಾತ್ರಿಕಳನ್ನು ಮುನ್‌ಗೆ ಕಳುಹಿಸುವಾಗ ಇಳಿಯಲು ಪ್ಯಾರಾಚೂಟ್ ಇದೆಯೆಂಬ ಧೈರ್ಯದಲ್ಲಿ ಇಂಧನವನ್ನು ಕಡಮೆ ಇಟ್ಟೆವು. ಗಾಳಿಯೇ ಇಲ್ಲದೆಡೆ ಪ್ಯಾರಾಚೂಟ್ ಏನು ಮಾಡೀತು? ಇದ್ದ ಇಂಧನವನ್ನೆಲ್ಲ ಉರಿಸಿ ಹೇಗೋ ಇಳಿಸಿದೆವು. ಮರಳಲು ಹನಿಯೂ ಉಳಿಯಲಿಲ್ಲ. ಈ ಆಟದಲ್ಲಿ ಯಾತ್ರಿಕರಿಗೆ ಅನ್ನ, ನೀರು, ಉಸಿರು ಯಾವುದರ ಚಿಂತೆಯೂ ಇಲ್ಲವಾದುದರಿಂದ ಅವಳು ಅಲ್ಲಿ ಬದುಕಿದ್ದಾಳೆ. ಇದನ್ನೂ ದೋಷವೆಂದೇ ಬರೆಯಬೇಕೆಂದಿದ್ದೆವು. ಈಗ ಬರೆಯಲು ಮನಸ್ಸಿಲ್ಲ.

ಅವಳನ್ನು ಕರೆತರುವ ನೌಕೆಯ ಲೆಕ್ಕ ಆರು ಹಾಳೆಗಳಾಗಿದೆ. ಕಳೆದ ಭಾನುವಾರ ತಂದೆ ಅಂಗಡಿ ಮುಚ್ಚಿ ಬಂದು, ಚಪ್ಪಲಿ ಬಿಟ್ಟು, ಮಗನ ಕುರ್ಚಿಯ ಹಿಂದೆ ಸ್ವಲ್ಪ ಹೊತ್ತು ನಿಂತು, "ಆ ಹೆಣ್ಣುಮಗಳು ಇನ್ನೂ ಅಲ್ಲೇ ಇದ್ದಾಳೇನೋ?" ಎಂದು ಕೇಳಿದರು. ಆಮೇಲೆ ಹಾಳೆಗಳನ್ನು ಕೈಗೆತ್ತಿಕೊಂಡು, ಮೂರನೆಯದರಲ್ಲಿ ಒಂದು ಕೂಡುವ ತಪ್ಪನ್ನು ತೋರಿಸಿದರು.