ಬಿಸಿಲಿನ ಕರೆಂಟು: ಸಾಲ ಮಾಡುವ ಮುಂಚೆ ತಿಳಿಯೋಣ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಮಳೆಗೆ ಬರ ಬಂದೀತು, ಬಿಸಿಲಿಗೆ ಬರವಿಲ್ಲ. ಈ ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಬಗ್ಗೆ ಸಂಘದ ಸಭೆಗಳಲ್ಲೂ ಮಾತು ಬರುತ್ತಿದೆ. ಹಾಕಿಸೋಣ್ವಾ, ಬ್ಯಾಡ್ವಾ? ಸಾಲ ತಗೊಂಡ್ರೆ ಗಿಟ್ಟುತ್ತಾ?

ಬಡವರಿಗೆ ಸೋಲಾರ್ ಎಟುಕದು, ಸಾಲ ಕೊಟ್ಟರೆ ತೀರಿಸುವುದಿಲ್ಲ ಎಂದು ಹೇಳುತ್ತಿದ್ದ ಕಾಲವೊಂದಿತ್ತು. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆ ಶುರು ಮಾಡಿ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ ಹಳ್ಳಿ ಮನೆಗಳಿಗೆ ದೀಪ ಹಾಕಿಸಿದರು. ತರಕಾರಿ ಮಾರುವ ಹೆಂಗಸೊಬ್ಬರು ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿಯಾದರೆ ಕಟ್ಟುತ್ತೇನೆ ಎಂದದ್ದನ್ನು ಅವರು ಹೋದಲ್ಲೆಲ್ಲಾ ಹೇಳುತ್ತಾರೆ. ವಾರವಾರ ಉಳಿತಾಯ ಕಟ್ಟುವ ನಮಗೆ ಈ ಲೆಕ್ಕ ಹೊಸದೇನಲ್ಲ! 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸೋಲಾರ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬ್ಯಾಟರಿ ಇರುವುದು. ಹಗಲು ತುಂಬಿಕೊಂಡು ರಾತ್ರಿ ದೀಪ ಕೊಡುತ್ತದೆ, ಲೈನ್ ಕರೆಂಟು ಹೋದರೂ ಉರಿಯುತ್ತದೆ. ಪ್ಲೇಟು 25 ವರ್ಷ ಬಾಳಿದರೂ ಬ್ಯಾಟರಿ ಅಷ್ಟು ಬಾಳುವುದಿಲ್ಲ, ಕೆಲವೇ ವರ್ಷಕ್ಕೆ ಬದಲಿಸಬೇಕು. ಆ ಖರ್ಚಿಗೆ ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡಿ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರೇ ಹಾಕಬೇಕು, ಬೋರಿನ ನೀರು ಬೇಡ. ಪ್ಲೇಟಿನ ಮೇಲೆ ಧೂಳು ಕೂತರೆ ಕರೆಂಟು ಕಡಿಮೆ ಆಗುತ್ತೆ, ಒದ್ದೆ ಬಟ್ಟೆಯಿಂದ ಒರೆಸಿ. ಬೇವಿನ ಮರದ ನೆರಳೂ ಬೀಳಬಾರದು.

ಇನ್ನೊಂದು, ಚಾವಣಿ ಮೇಲೆ ಹಾಕಿ ಲೈನಿಗೆ ಸೇರಿಸುವುದು. 2024ರಲ್ಲಿ ಬಂದ ಪಿ.ಎಂ. ಸೂರ್ಯ ಘರ್ ಯೋಜನೆ ಈ ಬಗೆಯದು. 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಒಂದು ಕಿಲೋವ್ಯಾಟ್ ಪ್ಲೇಟು ಒಳ್ಳೆ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. ಆದರೆ ಬಹಳ ಜನರಿಗೆ ಗೊತ್ತಿಲ್ಲದ ಮಾತೊಂದಿದೆ: ಬ್ಯಾಟರಿ ಇಲ್ಲದಿದ್ದರೆ, ಲೈನ್ ಕರೆಂಟು ಹೋದಾಗ ಇದೂ ನಿಂತುಹೋಗುತ್ತದೆ. ಕಂಬದ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ.

2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ, ಬಿಲ್ಲು ಉಳಿಸೋಕೆ ಅಂತ ಸಾಲ ಮಾಡಿ ಚಾವಣಿ ಸೋಲಾರ್ ಹಾಕಿಸುವುದು ನಮಗೆ ಸರಿ ಕಾಣುವುದಿಲ್ಲ. ಸಾಲದ ಕಂತು ಗಳಿಕೆಯಿಂದ ಹುಟ್ಟಬೇಕು. ಹೊಲಿಗೆ ಮಷೀನು, ರೊಟ್ಟಿ ಮಷೀನು, ಹಿಟ್ಟಿನ ಗಿರಣಿ ಸೋಲಾರ್‌ನಲ್ಲಿ ಓಡುತ್ತವೆ. ಹಡಗಲಿ ಕಡೆ ಕತ್ತಲಲ್ಲೇ ಎದ್ದು ಮಲ್ಲಿಗೆ ಬಿಡಿಸುವವರಿಗೆ ತಲೆಗೆ ಕಟ್ಟಿಕೊಳ್ಳುವ ಸಣ್ಣ ದೀಪವೇ ದೊಡ್ಡ ಉಪಕಾರ.

ಇನ್ನು ಹೊಲದ ಮಾತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ನಮ್ಮಂಥದೇ ಬರದ ನಾಡಿನಲ್ಲಿ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಆಗಿದೆ. ಅಲ್ಲಿ ರೈತರು ಹೊಲ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬೆಳೆ ಕೈಕೊಟ್ಟವರಿಗೆ ಇದು ಆಸರೆಯೇ. ಆದರೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿ ಹೆಂಗಸರಿಗೆ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಪ್ಲೇಟು ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗಷ್ಟೇ ಸಿಕ್ಕಿತು.

ನಿಮ್ಮೂರಿಗೂ ಕಂಪನಿಯವರು ಹೊಲ ಕೇಳಿಕೊಂಡು ಬಂದರೆ ಕರಾರು ಪತ್ರವನ್ನು ಮನೆಗೆ ತಂದು ಕನ್ನಡದಲ್ಲಿ ಓದಿಸಿ ಕೇಳಿ. ಎಷ್ಟು ವರ್ಷ, ಬಾಡಿಗೆ ಯಾವಾಗ ಏರುತ್ತೆ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಯಾರು ಕೀಳಬೇಕು ಎಂಬುದು ಬರಹದಲ್ಲಿರಲಿ. ಪಹಣಿಯಲ್ಲಿ ನಿಮ್ಮ ಹೆಸರು ಜಂಟಿಯಾಗಿ ಸೇರಿಸುವ ಮಾತನ್ನು ಮನೆಯಲ್ಲಿ ಸಹಿಗೆ ಮುಂಚೆಯೇ ಎತ್ತಿ. ಕೂಲಿಯವರಿಗೆ ಎಷ್ಟು ಕೆಲಸ ಕೊಡುತ್ತೀರಿ ಎಂದು ಗ್ರಾಮಸಭೆಯಲ್ಲಿ ಸಂಘದವರೆಲ್ಲ ಕೂಡಿ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.