ಉಕ್ಕಿಗೂ ಮುನ್ನ ಪರದೆಯ ಮೇಲೆ

ಹುತ್ರಿದುರ್ಗದ ಬೆಟ್ಟದ ಬಂಡೆಯಲ್ಲಿ ಉಳಿ ತಪ್ಪಿದರೆ ಕಲ್ಲು ಮತ್ತೆ ಕೂಡದು. ಅಚ್ಚಿನ ಉಕ್ಕಿನದೂ ಹೆಚ್ಚುಕಡಿಮೆ ಅದೇ ಕಥೆ. ಪ್ಲಾಸ್ಟಿಕ್ ಬಕೆಟ್ಟಿನಿಂದ ಕಾರಿನ ಬಾಗಿಲಿನವರೆಗೆ ಎಲ್ಲಕ್ಕೂ ಅಚ್ಚು ಬೇಕು. ಅಚ್ಚುಗಳು ಸಾಮಾನ್ಯವಾಗಿ ಒಂದೊಂದೇ ತಯಾರಾಗುವುದರಿಂದ, ಮೊದಲನೆಯದರಲ್ಲಿ ತಪ್ಪಿ ಎರಡನೆಯದರಲ್ಲಿ ತಿದ್ದಿಕೊಳ್ಳುವ ಅವಕಾಶ ಕಡಿಮೆ. ಹಾಗಾಗಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಉಕ್ಕು ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಕೊರೆದು ನೋಡುವುದು ಶೋಕಿಯಲ್ಲ, ಮಿತವ್ಯಯ. ಟೂಲಿನ ಹಾದಿಯನ್ನು ಹೆಜ್ಜೆಹೆಜ್ಜೆಗೂ ಓಡಿಸುವ ತಂತ್ರಾಂಶ, ಟೂಲು ಹಿಡಿದ ಹೋಲ್ಡರ್ ಎಲ್ಲಿ ತಾಗುತ್ತದೆ, ಲೋಹ ಎಲ್ಲಿ ಹೆಚ್ಚು ಹೋಗುತ್ತದೆ, ಎಲ್ಲಿ ಉಳಿಯುತ್ತದೆ ಎಂದು ಮೊದಲೇ ತೋರಿಸುತ್ತದೆ.

ಪಳಗಿದ ಕೈಗೆ ಇದೆಲ್ಲ ಏಕೆ ಎನ್ನುವವರುಂಟು. ಮೂರು ಅಕ್ಷಗಳ ಸರಳ ಕೆಲಸದಲ್ಲಿ ಆ ಮಾತಿಗೆ ತೂಕವಿದೆ. ಐದು ಅಕ್ಷಗಳು ಒಟ್ಟಿಗೆ ಚಲಿಸುವಾಗ ಡಿಕ್ಕಿಯನ್ನು ಕಣ್ಣಂದಾಜಿನಲ್ಲಿ ಹಿಡಿಯುವುದು ಕಷ್ಟ. ಪರದೆ ಎಲ್ಲವನ್ನೂ ಹೇಳುವುದಿಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಬರೀ ಆಕಾರ ನೋಡುವ ತಂತ್ರಾಂಶಕ್ಕೆ ಟೂಲಿನ ಸವೆತ, ನಡುಕ, ಬಾಗು ಕಾಣವು; ಬಲವನ್ನು ಲೆಕ್ಕಹಾಕುವ ತಂತ್ರಾಂಶಕ್ಕೂ ಸರಿಯಾದ ಅಳತೆ ಉಣಿಸಬೇಕು. ಆ ಅಳತೆ ಬರುವುದು ಪಳಗಿದ ಕೈಯಿಂದಲೇ. ಇಂಥ ಕೆಲಸಕ್ಕೆ ನಮ್ಮಲ್ಲೂ ನೆಲೆಗಳಿವೆ: ತುಮಕೂರಿನ ವಸಂತನರಸಾಪುರದಲ್ಲಿ ಯಂತ್ರೋಪಕರಣಗಳಿಗೆಂದೇ ಪಾರ್ಕ್ ಎದ್ದಿದೆ. 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ರಾಜ್ಯದಲ್ಲಿ ಅಚ್ಚಿನ ವಿದ್ಯೆ ಕಲಿಸುತ್ತಿದೆ. ಅಲ್ಲೆಲ್ಲ ಕೈಯೂ ಪರದೆಯೂ ಎದುರಾಳಿಗಳಾಗದೆ ಜೋಡೆತ್ತುಗಳಾದರೆ ಉಕ್ಕೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.